ಪರದೆಯ ಮೇಲಿನ ಪ್ರೀತಿ, ಮನೆಯೊಳಗಿನ ಪ್ರೀತಿ

ಓದಿಗೆ: ತೋಬಿತ 8:4-14, 1 ಕೊರಿಂಥ 13:4-7



ಮನೆಗಳ ಆಶೀರ್ವಾದಕ್ಕೆಂದು ಸಾಗರ ರಸ್ತೆಯ ತ್ಯಾವರೆಕೊಪ್ಪದ ಕಡೆ ಹೋಗಿದ್ದಾಗ ನಡೆದ ಒಂದು ಮಾತುಕತೆಯಿಂದ ಈ ವಾರದ ಪಾಠವನ್ನು ಆರಂಭಿಸುತ್ತೇನೆ. ಆ ಮನೆಯವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಊರಿನ ಹೆಸರೊಂದನ್ನು ಬಿಟ್ಟು ಉಳಿದ ಗುರುತುಗಳನ್ನು ಬದಲಿಸಿದ್ದೇನೆ.

ಸಂಜೆ ಏಳು ದಾಟಿತ್ತು. ನಡುಮನೆಯಲ್ಲಿ ಅಜ್ಜಿ ಟಿವಿಯ ಮುಂದೆ ಕುಳಿತು ಕನ್ನಡ ಧಾರಾವಾಹಿ ನೋಡುತ್ತಿದ್ದರು. ಒಳಗೆ ಹೊಲಿಗೆ ಯಂತ್ರದ ಮೇಲೆ ಮೊಬೈಲನ್ನು ಒರಗಿಸಿಕೊಂಡು ಸೊಸೆ ಕೊರಿಯಾ ದೇಶದ ಧಾರಾವಾಹಿ ನೋಡುತ್ತಿದ್ದರು. ಕಾಲೇಜಿಗೆ ಹೋಗುವ ಮಗಳು ಕಲಿಸಿಕೊಟ್ಟ ಹವ್ಯಾಸವದು. ನನ್ನನ್ನು ಕಂಡ ಕೂಡಲೇ ಅವರು ಎದ್ದು ನಿಂತು, "ಬಯ್ಯಬೇಡಿ ಫಾದರ್, ಜಪಸರ ಮುಗಿಸಿಯೇ ನೋಡ್ತಾ ಇದ್ದೀನಿ" ಎಂದರು.

ನಾನು ನಗುತ್ತಾ, "ಅದೆಲ್ಲ ಸುಳ್ಳು ಕಥೆ ಅಲ್ವೇನಮ್ಮಾ? ಅಂಥ ಗಂಡಸರು ನಿಜವಾಗಿ ಎಲ್ಲಿದ್ದಾರೆ?" ಎಂದೆ.

ಅವರು ನಗಲಿಲ್ಲ. "ಸುಳ್ಳು ಅಂತ ನನಗೂ ಗೊತ್ತು ಫಾದರ್. ಆದ್ರೆ ಅಲ್ಲಿ ಹೆಂಗಸು ಮಾತಾಡಿ ಮುಗಿಸೋ ತನಕ ಗಂಡಸು ಕೇಳ್ತಾನೆ. ನಮ್ಮ ಮನೆಯವರು ಒಳ್ಳೆಯವರೇ. ಕುಡಿಯಲ್ಲ, ಬಯ್ಯಲ್ಲ, ದುಡಿದಿದ್ದನ್ನ ತಂದು ಕೈಗೆ ಕೊಡ್ತಾರೆ. ಆದ್ರೆ ಹತ್ತೊಂಬತ್ತು ವರ್ಷದಲ್ಲಿ 'ನಿಂದು ಊಟ ಆಯ್ತಾ' ಅಂತ ಒಂದಿನ ಕೇಳಿಲ್ಲ. ಮದುವೆ ಪೂಜೆಯಲ್ಲಿ ಗುರುಗಳು, ಪ್ರೀತಿ ಅಂದ್ರೆ ತ್ಯಾಗ ಅಂತ ಪ್ರಸಂಗ ಮಾಡಿದ್ರು. ತ್ಯಾಗ ಮಾಡ್ತಾ ಇದ್ದೀನಿ. ಪ್ರೀತಿ ಎಲ್ಲಿ ಹೋಯ್ತು ಅಂತ ಮಾತ್ರ ಗೊತ್ತಾಗ್ತಿಲ್ಲ."

ಬಾಗಿಲ ಬಳಿ ನಿಂತಿದ್ದ ಗಂಡ ನೆಲ ನೋಡುತ್ತಿದ್ದರು. ಸೆಮಿನರಿಯಲ್ಲಿ ಓದಿದ ತತ್ವಶಾಸ್ತ್ರ, ದೈವಶಾಸ್ತ್ರ ಯಾವುದೂ ಆ ಕ್ಷಣಕ್ಕೆ ನನ್ನ ನೆರವಿಗೆ ಬರಲಿಲ್ಲ. ಪ್ರಾರ್ಥನೆ ಮಾಡಿ, ತೀರ್ಥ ಪ್ರೋಕ್ಷಿಸಿ, ಹೊರಟುಬಂದೆ. ಆ ತಾಯಿ ಕೇಳಿದ್ದು ಧಾರಾವಾಹಿಯ ವಿಷಯವಲ್ಲ, ತಮ್ಮ ವಿವಾಹ ಸಂಸ್ಕಾರದ ವಿಷಯ ಎಂಬುದು ದಾರಿಯಲ್ಲಿ ಹೊಳೆಯಿತು. ನಗೆಯಾಡಿ ಉತ್ತರ ಕೊಟ್ಟದ್ದು ನನ್ನ ತಪ್ಪು. ಆ ತಪ್ಪನ್ನು ತಿದ್ದಿಕೊಳ್ಳಲು ಈ ಲೇಖನ.

ಎರಡು ಬಗೆಯ ಕಥೆಗಳು

ಅತ್ತೆ ನೋಡುವ ಧಾರಾವಾಹಿಗೂ ಸೊಸೆ ನೋಡುವ ಧಾರಾವಾಹಿಗೂ ಇರುವ ವ್ಯತ್ಯಾಸ ಭಾಷೆಯದ್ದು ಮಾತ್ರವಲ್ಲ. ನಮ್ಮ ಕನ್ನಡ ಧಾರಾವಾಹಿಗಳು ವಾರಕ್ಕೆ ಐದಾರು ದಿನ, ವರ್ಷಗಟ್ಟಲೆ ನಡೆಯುತ್ತವೆ. 'ಅಗ್ನಿಸಾಕ್ಷಿ' 2013ರಲ್ಲಿ ಆರಂಭವಾಗಿ 2020ರವರೆಗೂ ನಡೆಯಿತು. ಪ್ರತಿದಿನವೂ ನಾಳೆಗೆ ಒಂದು ಕುತೂಹಲ ಉಳಿಸಬೇಕಾದ್ದರಿಂದ ಅಲ್ಲಿ ಗಂಡ ಹೆಂಡತಿ ನೆಮ್ಮದಿಯಾಗಿ ಬದುಕುವಂತೆಯೇ ಇಲ್ಲ. ನೆಮ್ಮದಿ ಬಂದ ದಿನ ಕಥೆ ನಿಲ್ಲುತ್ತದೆ. ಆದ್ದರಿಂದ ಸಂಚು ಮಾಡುವ ಒಬ್ಬರು ಮನೆಯಲ್ಲಿ ಸದಾ ಇರಲೇಬೇಕು. ಮಲಗುವಾಗಲೂ ರೇಷ್ಮೆ ಸೀರೆ, ಬಾಗಿಲ ಮರೆಯಲ್ಲಿ ಕದ್ದು ಕೇಳುವ ಕಿವಿ, ಹಾಲಿನಲ್ಲಿ ವಿಷ ಇವೆಲ್ಲ ಆ ಕಾರಣದಿಂದಲೇ ಬರುತ್ತವೆ.

ಕೊರಿಯಾದ ಧಾರಾವಾಹಿಗಳು ಸಾಮಾನ್ಯವಾಗಿ 16 ಕಂತುಗಳಲ್ಲಿ ಮುಗಿಯುತ್ತವೆ. ಹುಡುಗ ಹುಡುಗಿ ಭೇಟಿಯಾಗಿ, ಅಡ್ಡಿ ಆತಂಕಗಳನ್ನು ದಾಟಿ, ಒಂದಾಗುವಲ್ಲಿಗೆ ಹೆಚ್ಚಿನ ಕಥೆಗಳು ಮುಗಿಯುತ್ತವೆ. ಅದರ ಮರುದಿನ ಬೆಳಿಗ್ಗೆ ಹಾಲು ತರುವವರು ಯಾರು, ಸಾಲ ತೀರಿಸುವವರು ಯಾರು ಎಂಬುದು ಅಲ್ಲಿ ಬರುವುದೇ ಇಲ್ಲ.

ಹೀಗಾಗಿ ಒಂದು ಬಗೆಯ ಕಥೆ ಸಂಸಾರವನ್ನು ನೆಮ್ಮದಿಯಿಂದಿರಲು ಬಿಡುವುದಿಲ್ಲ, ಇನ್ನೊಂದು ಸಂಸಾರ ಶುರುವಾಗುವ ಮೊದಲೇ ಮುಗಿದುಹೋಗುತ್ತದೆ. ನಮ್ಮ ನಿಮ್ಮ ಬದುಕು ಇರುವುದು ಇವೆರಡರ ನಡುವೆ. ಇದನ್ನು ತಿಳಿದು ನೋಡುವವರಿಗೆ ಅಪಾಯ ಕಡಿಮೆ.

ಇನ್ನೊಂದು ವಿಷಯವನ್ನು ನಮ್ಮ ಯುವಜನರು ಗಮನಿಸಬೇಕು. ಇಷ್ಟೊಂದು ಪ್ರೇಮಕಥೆಗಳನ್ನು ಲೋಕಕ್ಕೆ ಕೊಡುವ ದಕ್ಷಿಣ ಕೊರಿಯಾದಲ್ಲಿ ಹೆಣ್ಣೊಬ್ಬಳಿಗೆ ಹುಟ್ಟುವ ಮಕ್ಕಳ ಸರಾಸರಿ ಸಂಖ್ಯೆ 2023ರಲ್ಲಿ 0.72ಕ್ಕೆ ಇಳಿದಿತ್ತು. ಮನೆಯ ದುಬಾರಿ ಬೆಲೆ, ಬಿಡುವಿಲ್ಲದ ದುಡಿಮೆ, ಮಕ್ಕಳ ಓದಿನ ಖರ್ಚು ಇವುಗಳಿಗೆ ಹೆದರಿ ಅಲ್ಲಿನ ಅನೇಕ ಯುವಕ ಯುವತಿಯರು ಮದುವೆಯನ್ನೇ ಮುಂದೂಡುತ್ತಿದ್ದಾರೆ. ಆ ಕಥೆಗಳು ಆ ದೇಶದ ವರದಿಯಲ್ಲ. ಆ ದೇಶದ ಜನರಿಗೂ ಸಿಗದಿರುವ ಒಂದರ ಹಂಬಲ ಅವುಗಳಲ್ಲಿದೆ. ಸಿಯೋಲಿನ ಹುಡುಗಿಗೂ ತ್ಯಾವರೆಕೊಪ್ಪದ ಗೃಹಿಣಿಗೂ ಇರುವ ಹಸಿವು ಒಂದೇ.

ವಾಸ್ತವ ಎಂದರೇನು?

"ನಮಗೆ ಪ್ರೇಮಕಥೆ ಬೇಡ, ವಾಸ್ತವ ಬೇಕು" ಎನ್ನುವವರಿದ್ದಾರೆ. ವಾಸ್ತವ ಎಂದರೆ ಬರೀ ಕಷ್ಟ, ಕಣ್ಣೀರು ಎಂದು ಅವರ ಎಣಿಕೆ. ಇದು ಪೂರ್ತಿ ನಿಜವಲ್ಲ ಎಂಬುದಕ್ಕೆ ನಮ್ಮ ಶಿವಮೊಗ್ಗ ಜಿಲ್ಲೆಯೇ ಸಾಕ್ಷಿ. ಆರ್.ಕೆ. ನಾರಾಯಣರ ಕಥೆಗಳನ್ನು ಆಧರಿಸಿ ಶಂಕರ್ ನಾಗ್ ಅವರು ದೂರದರ್ಶನಕ್ಕಾಗಿ ತೆಗೆದ 'ಮಾಲ್ಗುಡಿ ಡೇಸ್' 1986ರಲ್ಲಿ ಪ್ರಸಾರವಾಯಿತು. ಅದರ ಚಿತ್ರೀಕರಣ ನಡೆದದ್ದು ಆಗುಂಬೆಯಲ್ಲಿ. ರೈಲು ನಿಲ್ದಾಣದ ದೃಶ್ಯಗಳಿಗೆ ಹೊಸನಗರ ತಾಲ್ಲೂಕಿನ ಅರಸಾಳು ನಿಲ್ದಾಣವನ್ನು ಬಳಸಿಕೊಂಡರು. ಅಲ್ಲಿ ಈಗ ಅದರ ನೆನಪಿಗೊಂದು ವಸ್ತುಸಂಗ್ರಹಾಲಯವಿದೆ. ಆ ಕಥೆಗಳಲ್ಲಿ ವಿಷವೂ ಇಲ್ಲ, ಸಂಚೂ ಇಲ್ಲ. ಶಾಲೆಗೆ ಹೆದರುವ ಹುಡುಗ, ಗದರುವ ಅಪ್ಪ, ಕಥೆ ಹೇಳುವ ಅಜ್ಜಿ ಇಷ್ಟರಲ್ಲೇ ನಾವು ನಮ್ಮ ಮನೆಯನ್ನು ಕಂಡೆವು.

ನಮ್ಮ ಜಿಲ್ಲೆಯವರೇ ಆದ ಗಿರೀಶ್ ಕಾಸರವಳ್ಳಿಯವರು ಎಸ್.ಎಲ್. ಭೈರಪ್ಪನವರ 'ಗೃಹಭಂಗ' ಕಾದಂಬರಿಯನ್ನು ಧಾರಾವಾಹಿಯಾಗಿ ಮಾಡಿದರು. ಬೇಜವಾಬ್ದಾರಿ ಗಂಡನ ಶಾನುಭೋಗಿಕೆಯ ಲೆಕ್ಕವನ್ನೂ ತಾನೇ ಬರೆದು ಮನೆ ನಡೆಸುವ ನಂಜಮ್ಮನ ಕಥೆ ಅದು. ಬಡತನ, ಪ್ಲೇಗು, ಸಾವು ಎಲ್ಲವೂ ಅಲ್ಲಿವೆ. ಆದರೂ ಅದನ್ನು ನೋಡಿದವರಿಗೆ ನೆನಪಿನಲ್ಲಿ ಉಳಿಯುವುದು ಆಕೆ ಮಕ್ಕಳಿಗಾಗಿ ಪಟ್ಟ ಪಾಡು. ಕಷ್ಟವನ್ನು ಸರಿಯಾಗಿ ತೋರಿಸಿದ ಕಡೆಯೂ ಪ್ರೀತಿ ಕಾಣಿಸುತ್ತದೆ.

ಗ್ರೀಕ್ ತತ್ವಜ್ಞಾನಿ ಅರಿಸ್ಟಾಟಲನು ತನ್ನ ಕಾವ್ಯಮೀಮಾಂಸೆಯಲ್ಲಿ ಹೇಳುವ ಒಂದು ಮಾತು ಇಲ್ಲಿಗೆ ಹೊಂದುತ್ತದೆ. ನಡೆಯಬಹುದಾದರೂ ನಂಬಿಕೆ ಹುಟ್ಟಿಸದ ಘಟನೆಗಿಂತ, ನಡೆಯಲಾರದ್ದಾದರೂ ನಂಬಿಕೆ ಹುಟ್ಟಿಸುವ ಘಟನೆ ನಾಟಕಕ್ಕೆ ಮೇಲು ಎಂಬುದು ಅದರ ಸಾರ. 2019-20ರಲ್ಲಿ ಪ್ರಸಾರವಾದ 'ಕ್ರ್ಯಾಶ್ ಲ್ಯಾಂಡಿಂಗ್ ಆನ್ ಯೂ' ಎಂಬ ಕೊರಿಯಾದ ಧಾರಾವಾಹಿಯನ್ನೇ ನೋಡಿ. ದಕ್ಷಿಣ ಕೊರಿಯಾದ ಶ್ರೀಮಂತ ಹೆಣ್ಣೊಬ್ಬಳು ಗಾಳಿಗೆ ಸಿಕ್ಕಿ ಉತ್ತರ ಕೊರಿಯಾದಲ್ಲಿ ಬಿದ್ದು, ಅಲ್ಲಿನ ಸೈನ್ಯಾಧಿಕಾರಿಯನ್ನು ಪ್ರೀತಿಸುವ ಕಥೆ. ನಡೆಯಲಾರದ್ದು. ಆದರೆ ಅದನ್ನು ಬರೆದವರ ತಂಡದಲ್ಲಿ ಉತ್ತರ ಕೊರಿಯಾದಿಂದ ಪಾರಾಗಿ ಬಂದ ಒಬ್ಬರಿದ್ದರು. ಹಾಗಾಗಿ ಅಲ್ಲಿನ ಹಳ್ಳಿಯ ಕರೆಂಟು ಹೋಗುವುದು, ನೆರೆಹೊರೆಯ ಹೆಂಗಸರು ಸೇರಿ ಉಪ್ಪಿನಕಾಯಿಯಂಥ ಕಿಮ್ಚಿ ಹಾಕುವುದು ಎಲ್ಲ ಕಣ್ಣಿಗೆ ಕಟ್ಟುತ್ತವೆ. ಪ್ರೇಮಕಥೆಯೆಂದ ಮಾತ್ರಕ್ಕೆ ಸುಳ್ಳಲ್ಲ, ಕಣ್ಣೀರಿನ ಕಥೆಯೆಂದ ಮಾತ್ರಕ್ಕೆ ಸತ್ಯವೂ ಅಲ್ಲ.

ಪವಿತ್ರ ಗ್ರಂಥದ ಒಂದು ಪ್ರೇಮಕಥೆ

ನಮ್ಮ ಬೈಬಲಿನಲ್ಲಿಯೇ ಇಂಥ ಕಥೆಯಿದೆ. ತೋಬಿತನ ಗ್ರಂಥವನ್ನು ತೆರೆದು ನೋಡಿ. ಸಾರಾ ಎಂಬ ಹೆಣ್ಣಿಗೆ ಏಳು ಬಾರಿ ಮದುವೆಯಾಗಿ, ಏಳೂ ಗಂಡಂದಿರು ಮದುವೆಯ ರಾತ್ರಿಯೇ ಸತ್ತಿದ್ದರು. ದೂರದಿಂದ ಬಂದ ತೋಬಿಯ ಆಕೆಯ ವಿಷಯ ಕೇಳಿಯೇ ಮನಸ್ಸು ಕೊಟ್ಟ. ಜೊತೆಗೆ ದೇವದೂತ ರಫಾಯೇಲ, ಹಿಂದೆ ಒಂದು ನಾಯಿ. ಇಷ್ಟು ರಮ್ಯವಾದ ಕಥೆ ಯಾವ ಟಿವಿಯಲ್ಲಿದೆ?

ಆದರೆ ಅದೇ ರಾತ್ರಿ ಹುಡುಗಿಯ ತಂದೆ ರಗುವೇಲ ಏನು ಮಾಡಿದನೆಂದು ಓದಿ. ಅಳಿಯ ಎಂಟನೆಯವನಾಗಿ ಸತ್ತರೆ ಊರವರು ನಗಬಾರದೆಂದು, ಕತ್ತಲಲ್ಲೇ ಆಳುಗಳನ್ನು ಕರೆದು ಗುಂಡಿ ತೋಡಿಸಿದ! ಒಳಗೆ ಮದುಮಕ್ಕಳು ಪ್ರಾರ್ಥಿಸಿ ಮಲಗಿದ್ದಾರೆ, ಹೊರಗೆ ಮಾವ ಗುಂಡಿ ತೋಡಿಸುತ್ತಿದ್ದಾನೆ. ಅಳಿಯ ಬದುಕಿದ್ದಾನೆಂದು ತಿಳಿದ ಮೇಲೆ, ಬೆಳಗಾಗುವ ಮೊದಲೇ ಗುಂಡಿ ಮುಚ್ಚಿಸಿ, ಹಬ್ಬದಡುಗೆಗೆ ಏರ್ಪಾಡು ಮಾಡಿದ. ಪ್ರೇಮವನ್ನೂ ವಾಸ್ತವವನ್ನೂ ಪವಿತ್ರ ಗ್ರಂಥವು ಒಂದೇ ಅಂಗಳದಲ್ಲಿ ಇಟ್ಟಿದೆ. ಯೇಸುಸ್ವಾಮಿಯ ಸಾಮತಿಗಳೂ ಹಾಗೆಯೇ. ಹಿಟ್ಟು, ಹುಳಿ, ಪೊರಕೆ, ಕಳೆದುಹೋದ ನಾಣ್ಯ ಎಲ್ಲ ಮನೆಯೊಳಗಿನ ವಸ್ತುಗಳೇ. ಆದರೆ ದಾರಿತಪ್ಪಿದ ಮಗನನ್ನು ಕಂಡು ಮುದಿ ತಂದೆ ಓಡಿಹೋಗಿ ಅಪ್ಪಿಕೊಳ್ಳುವುದು ಯಾರೂ ನಿರೀಕ್ಷಿಸದ ಪ್ರೀತಿ.

ಅಕ್ಕಸಾಲಿಗನ ತಕ್ಕಡಿ

ಪೋಪ್ ಆಗಿ ಸಂತರಾದ ಎರಡನೆಯ ಜಾನ್ ಪಾಲರು ಯೌವನದಲ್ಲಿ ನಟರಾಗಿದ್ದರು ಎಂಬುದು ನಿಮ್ಮಲ್ಲಿ ಹಲವರಿಗೆ ಗೊತ್ತು. ಪೋಲೆಂಡಿನ ಕ್ರಾಕೋವ್‌ನಲ್ಲಿ ಸಹಾಯಕ ಬಿಷಪರಾಗಿದ್ದಾಗ, 1960ರಲ್ಲಿ, ಅವರು ಬೇರೆ ಹೆಸರಿನಲ್ಲಿ ಒಂದು ನಾಟಕ ಪ್ರಕಟಿಸಿದರು. ಅಕ್ಕಸಾಲಿಗನ ಅಂಗಡಿ ಎಂಬುದು ಅದರ ಹೆಸರಿನ ಅರ್ಥ. ಮೂರು ಜೋಡಿಗಳ ಕಥೆ. ಎರಡನೆಯ ಜೋಡಿಯಲ್ಲಿ ಗಂಡ ಹೆಂಡತಿ ಒಂದೇ ಮನೆಯಲ್ಲಿದ್ದೂ ದೂರವಾಗಿದ್ದಾರೆ. ಬೇಸತ್ತ ಹೆಂಡತಿ ಮದುವೆಯ ಉಂಗುರವನ್ನು ಮಾರಲು ಹೋಗುತ್ತಾಳೆ. ಅಕ್ಕಸಾಲಿಗನು ಅದನ್ನು ತಕ್ಕಡಿಯಲ್ಲಿಟ್ಟರೆ ಮುಳ್ಳು ಸೊನ್ನೆಯಿಂದ ಕದಲುವುದಿಲ್ಲ. ನಿನ್ನ ಗಂಡ ಬದುಕಿರಬೇಕು, ಹಾಗಿರುವಾಗ ಒಂದೇ ಉಂಗುರಕ್ಕೆ ತೂಕವಿಲ್ಲ, ಎರಡನ್ನೂ ಒಟ್ಟಿಗೆ ಇಟ್ಟರೆ ಮಾತ್ರ ತೂಗುತ್ತದೆ ಎಂಬ ಅರ್ಥದ ಮಾತನ್ನು ಆತ ಆಡುತ್ತಾನೆ.

ತ್ಯಾವರೆಕೊಪ್ಪದ ಆ ತಾಯಿಯ ಪ್ರಶ್ನೆಗೆ ನನಗೆ ಉತ್ತರ ಸಿಕ್ಕಿದ್ದು ಇಲ್ಲಿ. ತ್ಯಾಗ ಎಂಬುದು ಒಬ್ಬರ ಉಂಗುರವನ್ನಷ್ಟೇ ತೂಗುವ ಕೆಲಸವಲ್ಲ. ಒಬ್ಬರನ್ನು ಪ್ರೀತಿಸುವುದೆಂದರೆ ಅವರಿಗೆ ಒಳಿತನ್ನು ಬಯಸುವುದು ಎಂದು ಸಂತ ಥಾಮಸ್ ಅಕ್ವಿನಾಸರು ಕಲಿಸುತ್ತಾರೆ. ಹೆಂಡತಿಗೆ ಒಳಿತು ಯಾವುದೆಂದು ಆಕೆಯನ್ನು ಕೇಳದೆ ಗಂಡನಿಗೆ ತಿಳಿಯುವುದಾದರೂ ಹೇಗೆ? ಗಂಡನ ಮೌನದ ಹಿಂದೆ ಏನಿದೆಯೆಂದು ಹೆಂಡತಿಗೆ ತಿಳಿಯುವುದಾದರೂ ಹೇಗೆ? ಮಾತು, ನೋಟ, ಆದರ ಇವು ಧಾರಾವಾಹಿಯವರು ಕಂಡುಹಿಡಿದ ಅಲಂಕಾರಗಳಲ್ಲ. ಇವು ಪ್ರೀತಿಯ ನಿತ್ಯದ ಆಹಾರ. ಪೋಪ್ ಫ್ರಾನ್ಸಿಸರು 2016ರಲ್ಲಿ ಕುಟುಂಬದ ಕುರಿತು ಬರೆದ 'ಅಮೋರಿಸ್ ಲೆತೀಸಿಯಾ' ಪತ್ರದಲ್ಲಿ ಸಂತ ಪೌಲರ ಪ್ರೀತಿಯ ಅಧ್ಯಾಯವನ್ನು ಪದ ಪದವಾಗಿ ಬಿಡಿಸಿದ್ದಾರೆ. 'ದಯವಿಟ್ಟು', 'ಥ್ಯಾಂಕ್ಸ್', 'ಕ್ಷಮಿಸು' ಎಂಬ ಮೂರು ಮಾತುಗಳು ಮನೆಯಲ್ಲಿ ಕೇಳಿಬರಬೇಕೆಂದು ಅವರು ಮತ್ತೆ ಮತ್ತೆ ಹೇಳುತ್ತಿದ್ದರು. ಅದೇ ಪತ್ರದಲ್ಲಿ, ಬೆಳೆಯುವ ಅಗತ್ಯವೇ ಇಲ್ಲದ ಪರಿಪೂರ್ಣ ಪ್ರೀತಿಯ ಕನಸು ಕಾಣುವುದರಿಂದ ಪ್ರಯೋಜನವಿಲ್ಲ ಎಂದೂ ಎಚ್ಚರಿಸಿದ್ದಾರೆ. ಎರಡನ್ನೂ ನಾವು ಒಟ್ಟಿಗೆ ಕೇಳಿಸಿಕೊಳ್ಳಬೇಕು.

ನೋಡುವಾಗ ಕೇಳಿಕೊಳ್ಳಬೇಕಾದ ಮೂರು ಪ್ರಶ್ನೆಗಳು

1994ರ ವಿಶ್ವ ಸಂಪರ್ಕ ಮಾಧ್ಯಮ ದಿನಕ್ಕೆ ಎರಡನೆಯ ಜಾನ್ ಪಾಲರು ಆರಿಸಿಕೊಂಡ ವಿಷಯವೇ ಟಿವಿ ಮತ್ತು ಕುಟುಂಬ. ಏನನ್ನು ನೋಡಬೇಕೆಂದು ಮೊದಲೇ ಆರಿಸಿ, ನೋಡಿದ್ದನ್ನು ಮಕ್ಕಳೊಡನೆ ಚರ್ಚಿಸಿ, ಅಗತ್ಯವಿದ್ದಾಗ ಟಿವಿಯನ್ನು ಆರಿಸಲೂ ತಂದೆತಾಯಿಗಳು ಸಿದ್ಧರಿರಬೇಕೆಂಬುದು ಅವರ ಸಲಹೆ. ಇಂದು ಪ್ರತಿಯೊಬ್ಬರ ಕೈಯಲ್ಲೂ ಒಂದೊಂದು ಪರದೆಯಿದೆ. ಹಾಗಾಗಿ ಆ ಸಲಹೆಯ ಬೆಲೆ ಹೆಚ್ಚಿದೆ. ಯಾವ ಧಾರಾವಾಹಿಯನ್ನು ನೋಡುವಾಗಲೂ ಈ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಿ.

ಒಂದು: ಈ ಪ್ರೀತಿಯ ಖರ್ಚನ್ನು ಯಾರು ಭರಿಸುತ್ತಿದ್ದಾರೆ? ಪಾತ್ರೆ ತೊಳೆಯುವವರು, ಕಾಯಿಲೆಯವರ ಪಕ್ಕ ಕೂರುವವರು, ಸಾಲ ತೀರಿಸುವವರು ಕಥೆಯಲ್ಲಿ ಕಾಣುತ್ತಾರೆಯೇ? 2025ರ ಮಾರ್ಚ್‌ನಲ್ಲಿ ಬಂದ 'ವೆನ್ ಲೈಫ್ ಗಿವ್ಸ್ ಯೂ ಟ್ಯಾಂಜರೀನ್ಸ್' ಎಂಬ ಕೊರಿಯಾದ ಧಾರಾವಾಹಿಯಲ್ಲಿ ಕಾಣುತ್ತಾರೆ. ಜೆಜು ದ್ವೀಪದ ಬಡ ಜೋಡಿಯೊಂದರ ಇಡೀ ಬದುಕು ಅದರಲ್ಲಿದೆ. ಆ ಹೆಣ್ಣಿನ ತಾಯಿ ಸಮುದ್ರಕ್ಕೆ ಧುಮುಕಿ ಚಿಪ್ಪು ತೆಗೆದು ಮನೆ ಸಾಕಿದವಳು. ಈ ಜೋಡಿ ಮಗುವೊಂದನ್ನು ಕಳೆದುಕೊಳ್ಳುತ್ತದೆ, ಮುದಿಯಾಗುತ್ತದೆ. ಗಂಡಸರಿಗೆ ಬೇರೆ, ಹೆಂಗಸರಿಗೆ ಬೇರೆ ಊಟದ ಮೇಜಿರುವ ಮನೆಯಲ್ಲಿ, ಗಂಡನು ಗಂಡಸರಿಗೆ ಬೆನ್ನು ಮಾಡಿ ಹೆಂಡತಿಯ ಕಡೆಗೆ ತಿರುಗಿ ಕೂತು ಉಣ್ಣುವ ಒಂದು ದೃಶ್ಯವಿದೆ. ಅಷ್ಟೇ. ಹೂವಿಲ್ಲ, ಹಾಡಿಲ್ಲ. ನಮ್ಮಲ್ಲಿಯೂ 2023ರಲ್ಲಿ ಆರಂಭವಾದ 'ಅಮೃತಧಾರೆ' ಧಾರಾವಾಹಿ ವಯಸ್ಸು ಮೀರಿದ ಇಬ್ಬರ ಮದುವೆಯನ್ನು ಕಥೆಯಾಗಿಸಿದ್ದು ಒಳ್ಳೆಯ ಯೋಚನೆ.

ಎರಡು: ಇಲ್ಲಿ ಹೆಣ್ಣಿನ ಒಪ್ಪಿಗೆಗೆ ಬೆಲೆಯಿದೆಯೇ? ಬೇಡವೆಂದರೂ ಬೆನ್ನುಹತ್ತುವುದು, ಮುಂಗೈ ಹಿಡಿದು ಎಳೆಯುವುದು ಇವನ್ನು ನಮ್ಮ ಸಿನಿಮಾಗಳೂ ಹೊರಗಿನ ಧಾರಾವಾಹಿಗಳೂ ಪ್ರೇಮವೆಂದು ತೋರಿಸಿವೆ. ಯುವಕರೇ, ಮಾತೆ ಮರಿಯಮ್ಮನವರ ಬಳಿಗೆ ದೂತ ಗಬ್ರಿಯೇಲನನ್ನು ಕಳುಹಿಸಿದ ಸರ್ವಶಕ್ತ ದೇವರೇ ಆ ಕನ್ಯೆಯ ಪ್ರಶ್ನೆಗೆ ಉತ್ತರ ಕೊಟ್ಟು, ಆಕೆಯ ಒಪ್ಪಿಗೆಗೆ ಕಾದರು. ದೇವರು ಕಾದ ಮೇಲೆ ನಮ್ಮದೇನು?

ಮೂರು: ನೋಡಿ ಮುಗಿಸಿದ ಮೇಲೆ ನಾನು ಯಾವ ಕಡೆ ತಿರುಗುತ್ತೇನೆ? ಪಕ್ಕದಲ್ಲಿರುವವರ ಕಡೆಗೋ, ಅವರಿಂದ ಆಚೆಗೋ? ಕಥೆಯ ಗಂಡನನ್ನು ಮನೆಯ ಗಂಡನ ಪಕ್ಕದಲ್ಲಿ ನಿಲ್ಲಿಸಿ ದಿನವೂ ಹೋಲಿಸುವುದು ಅನ್ಯಾಯ. ಆ ಗಂಡಸಿಗೆ ಮಾತು ಬರೆದುಕೊಡಲು ಒಂದು ತಂಡವೇ ಇದೆ. ಗ್ಯಾರೇಜಿನಲ್ಲಿ ಹತ್ತು ತಾಸು ದುಡಿದು ಬಂದವನಿಗೆ ಯಾರೂ ಮಾತು ಬರೆದುಕೊಟ್ಟಿಲ್ಲ. ಹಾಗೆಂದು ಗಂಡಂದಿರು "ನಾನು ಇರೋದೇ ಹೀಗೆ" ಎಂದು ಕೈಚೆಲ್ಲಿ ಕೂರುವುದೂ ಅನ್ಯಾಯವೇ. ಹೆಂಡತಿ ಪರದೆಯಲ್ಲಿ ಏನನ್ನು ಹುಡುಕುತ್ತಿದ್ದಾಳೆಂದು ಒಮ್ಮೆ ಪಕ್ಕದಲ್ಲಿ ಕೂತು ನೋಡಿ.

ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ಮನೆಯಲ್ಲಿ ಹೊಡೆತ, ಬೆದರಿಕೆ, ನಿತ್ಯದ ಅವಮಾನ ಇದ್ದರೆ ಅದು ಮಾತು ಕಡಿಮೆಯಾದ ಸಂಸಾರವಲ್ಲ, ಅಪಾಯದಲ್ಲಿರುವ ಸಂಸಾರ. ಅದನ್ನು ತಾಳ್ಮೆಯ ಹೆಸರಿನಲ್ಲಿ ಸಹಿಸಿಕೊಳ್ಳಿ ಎಂದು ಧರ್ಮಸಭೆ ಹೇಳುವುದಿಲ್ಲ. ಅಂಥವರು ನಂಬಿಕಸ್ಥರ ಬಳಿ, ಧರ್ಮಗುರುಗಳ ಬಳಿ, ಅಗತ್ಯವಿದ್ದರೆ ಕಾನೂನಿನ ಬಳಿ ಹೋಗಬೇಕು.

ಕೊರಿಯಾದ ಇನ್ನೊಂದು ಕಥೆ

ಕೊರಿಯಾದ ಪ್ರೇಮಕಥೆಗಳನ್ನು ಮೆಚ್ಚುವ ನಮ್ಮ ಯುವಜನರು ಅಲ್ಲಿನ ಧರ್ಮಸಭೆಯ ಕಥೆಯನ್ನೂ ತಿಳಿಯಲಿ. 2027ರ ವಿಶ್ವ ಯುವಜನ ದಿನ ಸಿಯೋಲ್ ನಗರಕ್ಕೆ ನಿಗದಿಯಾಗಿದೆ. ಆ ನಾಡಿನಲ್ಲಿ ವಿಶ್ವಾಸವನ್ನು ಮೊದಲು ಬಿತ್ತಿದವರು ಹೊರಗಿನಿಂದ ಬಂದ ಗುರುಗಳಲ್ಲ, 1784ರಲ್ಲಿ ಬೀಜಿಂಗ್‌ನಲ್ಲಿ ಸ್ನಾನದೀಕ್ಷೆ ಪಡೆದು ಹಿಂತಿರುಗಿದ ಗೃಹಸ್ಥರೊಬ್ಬರು ಮತ್ತು ಅವರ ಗೆಳೆಯರು. ಹಿಂಸೆಯ ದಿನಗಳಲ್ಲಿ ಯೂ ಜುಂಗ್-ಚಿಯೋಲ್ ಎಂಬ ಯುವಕ ಮತ್ತು ಅವನ ಹೆಂಡತಿ ಯೀ ಸುನ್-ಯೀ ಸೆರೆಯಾದರು. 1801ರಲ್ಲಿ ಗಂಡನಿಗೆ ಮರಣದಂಡನೆಯಾಯಿತು. ಆತನ ಬಟ್ಟೆಯಲ್ಲಿ ಹೆಂಡತಿಗೆಂದು ಬರೆದ ಒಂದು ಚಿಕ್ಕ ಚೀಟಿ ಸಿಕ್ಕಿತು. ಆಕೆಗೆ ಧೈರ್ಯ ಹೇಳಿ, ಸ್ವರ್ಗದಲ್ಲಿ ಭೇಟಿಯಾಗೋಣ ಎಂಬ ಅರ್ಥದ ಚೀಟಿ. ಮುಂದಿನ ವರ್ಷದ ಆರಂಭದಲ್ಲಿ ಆಕೆಯೂ ಪ್ರಾಣ ಕೊಟ್ಟಳು. 2014ರ ಆಗಸ್ಟ್ 16ರಂದು ಸಿಯೋಲಿನಲ್ಲಿ ಪೋಪ್ ಫ್ರಾನ್ಸಿಸರು ಧನ್ಯರೆಂದು ಸಾರಿದ 124 ರಕ್ತಸಾಕ್ಷಿಗಳಲ್ಲಿ ಇವರಿಬ್ಬರೂ ಇದ್ದಾರೆ. ಸಾಯುವ ಹೊತ್ತಿನಲ್ಲೂ ಹೆಂಡತಿಗೆ ನಾಲ್ಕು ಮಾತು ಬರೆಯಬೇಕೆನಿಸಿತಲ್ಲ! ಬದುಕಿರುವ ನಮಗೆ ಏನು ಅಡ್ಡಿ?

ಕೊನೆಗೆ

ಕೆಲವು ವಾರಗಳ ನಂತರ ಆ ದಂಪತಿ ಮಗಳ ಸ್ನಾನದೀಕ್ಷೆಯ ಪ್ರಮಾಣಪತ್ರಕ್ಕೆಂದು ಗುರುಮನೆಗೆ ಬಂದಿದ್ದರು. ನಾನು ನನ್ನ ಅಂದಿನ ನಗೆಮಾತಿಗೆ ಕ್ಷಮೆ ಕೇಳಿದೆ. ಆಗ ಗಂಡ ಮೆಲ್ಲಗೆ ಹೇಳಿದರು: "ನಾನೂ ಇವಳ ಜೊತೆ ಎರಡು ಮೂರು ಕಂತು ನೋಡಿದೆ ಫಾದರ್. ಆ ದ್ವೀಪದವನದ್ದು. ಅವನೂ ನನ್ನ ಹಾಗೇ, ಜಾಸ್ತಿ ಮಾತಾಡಲ್ಲ. ಆದ್ರೆ ಹೆಂಡ್ತಿ ಕಡೆ ತಿರುಗಿ ಕೂತ."

ಆ ತಾಯಿ ನಕ್ಕರು. "ಈಗ ಇವರು ಟಿವಿ ಮುಂದೆ ತಟ್ಟೆ ಹಿಡ್ಕೊಂಡು ಕೂರಲ್ಲ ಫಾದರ್. ಅಡುಗೆಮನೇಲಿ ನನ್ನ ಜೊತೆ ಉಣ್ತಾರೆ. ಮಾತು ಇನ್ನೂ ಕಮ್ಮೀನೇ." ಸ್ವಲ್ಪ ತಡೆದು, "ಬೆಳಿಗ್ಗೆ ಎದ್ದು ಹಂಡೆಗೆ ಬೆಂಕಿ ಹಾಕೋರು ಇವರೇ, ಮದುವೆ ಆದಾಗಿನಿಂದ. ನಾನು ಅದನ್ನ ಲೆಕ್ಕಕ್ಕೇ ಹಿಡಿದಿರಲಿಲ್ಲ" ಎಂದರು.

ಎರಡು ಉಂಗುರಗಳೂ ತಕ್ಕಡಿಗೆ ಬಂದಂತೆ ನನಗೆ ಕಂಡಿತು.

ಮನೆಯಲ್ಲಿ ಚರ್ಚಿಸಲು

1. ನಮ್ಮ ಮನೆಯಲ್ಲಿ ಯಾರು ಯಾವ ಧಾರಾವಾಹಿ ನೋಡುತ್ತಾರೆ? ಅದರಲ್ಲಿ ಅವರಿಗೆ ಏನು ಇಷ್ಟ ಎಂದು ಎಂದಾದರೂ ಕೇಳಿದ್ದೇವೆಯೇ?
2. ಮನೆಯವರು ನನಗಾಗಿ ದಿನವೂ ಮಾಡುವ, ನಾನು ಲೆಕ್ಕಕ್ಕೆ ಹಿಡಿಯದ ಒಂದು ಕೆಲಸ ಯಾವುದು?
3. ವಾರದಲ್ಲಿ ಒಂದು ರಾತ್ರಿಯಾದರೂ ಎಲ್ಲ ಪರದೆಗಳನ್ನೂ ಆರಿಸಿ, ಒಟ್ಟಿಗೆ ಊಟ ಮಾಡಿ, ಜಪಸರ ಮಾಡಲು ನಮಗೆ ಸಾಧ್ಯವೇ? ಯಾವ ದಿನ?

ಪ್ರಾರ್ಥನೆ

ಕಾನಾ ಊರಿನ ಮದುವೆಗೆ ಹೋದ ಯೇಸುವೇ, ನಮ್ಮ ಮನೆಯಲ್ಲಿ ದ್ರಾಕ್ಷಾರಸ ಮುಗಿದುಹೋಗಿರುವುದನ್ನು ಕಾಣುವ ಕಣ್ಣನ್ನು ನಿಮ್ಮ ತಾಯಿಯಿಂದ ನಮಗೆ ಕೊಡಿಸಿರಿ. ಮಾತು ಬಾರದವರಿಗೆ ಮಾತು ಕೊಡಿರಿ, ಮಾತಿಗಾಗಿ ಕಾದವರಿಗೆ ತಾಳ್ಮೆ ಕೊಡಿರಿ. ನಾವು ದಿನವೂ ತುಂಬುವ ನೀರನ್ನು ನೀವೇ ದ್ರಾಕ್ಷಾರಸವಾಗಿಸಿರಿ. ಆಮೆನ್.